ಮಿಲಾನಿನ ಸ್ಕೂಟರ್, ಲಖ್ನೋದ ಎಂಜಿನ್, ಇಂಗ್ಲೆಂಡಿನ ಸ್ಪೀಡು

ನಮ್ಮೂರಿನ ಕಡೆ ಸ್ಕೂಟರ್ ಟ್ಯೂನಿಂಗ್ ಅಂದರೆ ಒಂದೇ ಅರ್ಥ, ಮೈಲೇಜ್ ಬರಿಸೋದು. ಹೋಬಳಿ ಸರ್ಕಲ್ಲಿನ ಮೆಕ್ಯಾನಿಕ್ ಒಂದು ಸ್ಕ್ರೂಡ್ರೈವರ್ ಹಿಡಿದು, ಕಿವಿಯನ್ನು ಎಂಜಿನ್ ಹತ್ತಿರ ತಂದು, ಕಾರ್ಬೊರೇಟರಿನ ಏರ್ ಸ್ಕ್ರೂವನ್ನು ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ ತಿರುಗಿಸೋನು. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡೋನು. ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ, ಕಾಫಿ ಬಣ್ಣಕ್ಕಿದ್ದರೆ ಸರಿ. ನಮ್ಮ ಚಿಕ್ಕಪ್ಪ ಪಕ್ಕದಲ್ಲಿ ನಿಂತು "ನೋಡಪ್ಪ, ಲೀಟರಿಗೆ ಇನ್ನೊಂದೈದು ಕಿಲೋಮೀಟರ್ ಬರೋ ಹಂಗೆ ಮಾಡು" ಅನ್ನೋರು. ಸ್ಪೀಡು ಯಾರಿಗೂ ಬೇಕಿರಲಿಲ್ಲ. ಆ ರಸ್ತೆಯಲ್ಲಿ ಅದನ್ನ ಇಟ್ಟುಕೊಂಡು ಮಾಡೋದಾದರೂ ಏನು?

ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಕೆಲವರು ಭಾರತದಲ್ಲೇ ತಯಾರಾದ ಸ್ಕೂಟರ್ ಎಂಜಿನ್ ಬಿಚ್ಚಿ, ಅದರಿಂದ ಎರಡು ಪಟ್ಟು ಶಕ್ತಿ ತೆಗೆಯುತ್ತಾ ಇದ್ದರು. ಈ ವಿಷಯ ನನಗೆ ಗೊತ್ತಾಗಿದ್ದು ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಎಷ್ಟೋ ವರ್ಷದ ಮೇಲೆ. ಅದರ ಬೆನ್ನು ಹತ್ತಿ ಹೋದರೆ ದಾರಿಯಲ್ಲಿ ಇಟಲಿ, ಪೂರ್ವ ಜರ್ಮನಿ, ಜಪಾನ್ ಎಲ್ಲ ಸಿಕ್ಕವು.

ಶುರು ಇಟಲಿಯಿಂದ. ಎರಡನೇ ಮಹಾಯುದ್ಧದಲ್ಲಿ ವಿಮಾನ ಮಾಡುತ್ತಿದ್ದ ಪಿಯಾಜಿಯೋ ಕಂಪನಿಯ ಪೊಂಟೆಡೆರಾ ಕಾರ್ಖಾನೆ ಬಾಂಬಿಗೆ ಸಿಕ್ಕಿ ಹಾಳಾಗಿತ್ತು. ಜನರಿಗೆ ಅಗ್ಗದ ಗಾಡಿ ಬೇಕಿತ್ತು. ಹೆಲಿಕಾಪ್ಟರ್ ವಿನ್ಯಾಸ ಮಾಡುತ್ತಿದ್ದ ಕೊರಾಡಿನೋ ದಸ್ಕಾನಿಯೋ ಅನ್ನುವ ಎಂಜಿನಿಯರ್ 1946ರಲ್ಲಿ ವೆಸ್ಪಾ ಮಾಡಿಕೊಟ್ಟ. ಅವನಿಗೆ ಮೋಟರ್‌ಸೈಕಲ್ ಕಂಡರೇ ಆಗುತ್ತಿರಲಿಲ್ಲವಂತೆ. 98 ಸಿಸಿ, ಮೂರು ಚಿಲ್ಲರೆ ಹಾರ್ಸ್‌ಪವರ್, ಗಂಟೆಗೆ 60 ಕಿ.ಮೀ. ಮುಂದಿನ ವರ್ಷವೇ ಮಿಲಾನಿನ ಲಾಂಬ್ರಾಟೆ ಬಡಾವಣೆಯಿಂದ ಫರ್ಡಿನಾಂಡೋ ಇನೊಚೆಂಟಿಯ ಕಾರ್ಖಾನೆ ಲ್ಯಾಂಬ್ರೆಟ್ಟಾ ಹೊರಗೆ ತಂತು. ಅದು 125 ಸಿಸಿ, ನಾಲ್ಕು ಚಿಲ್ಲರೆ ಹಾರ್ಸ್‌ಪವರ್. ಈ 125 ಸಿಸಿ ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎರಡು ಕಂಪನಿಗೂ ಜಿದ್ದು ಹತ್ತಿಕೊಂಡಿತು. 1951ರ ಫೆಬ್ರವರಿಯಲ್ಲಿ ರೋಮಿನಿಂದ ಓಸ್ಟಿಯಾಕ್ಕೆ ಹೋಗುವ ಹೆದ್ದಾರಿಯಲ್ಲಿ ದೀನೋ ಮತ್ಸೋನ್‌ಚೀನಿ ಅನ್ನುವವನು ಟಾರ್ಪೆಡೊ ಆಕಾರದ ವೆಸ್ಪಾದಲ್ಲಿ ಕೂತು ಗಂಟೆಗೆ 171 ಕಿ.ಮೀ. ವೇಗದಲ್ಲಿ ಓಡಿಸಿದ. ಆಗಸ್ಟಿನಲ್ಲಿ ಲ್ಯಾಂಬ್ರೆಟ್ಟಾದವರ ಉತ್ತರ ಬಂತು. ಜರ್ಮನಿಯ ಮ್ಯೂನಿಕ್-ಇಂಗೋಲ್‌ಸ್ಟಾಟ್ ಹೆದ್ದಾರಿಯಲ್ಲಿ ರೊಮೊಲೊ ಫೆರಿ 200 ಕಿ.ಮೀ. ದಾಟಿಸಿದ. ಅದೂ 125 ಸಿಸಿಯಲ್ಲಿ! ಇವತ್ತು ನೂರೈವತ್ತು ಸಿಸಿ ಬೈಕು ನೂರಿಪ್ಪತ್ತು ಮುಟ್ಟಿದರೆ ಸ್ಟೇಟಸ್ ಹಾಕುವ ನಮ್ಮ ಆಫೀಸಿನ ಹುಡುಗರಿಗೆ ಇದನ್ನ ಹೇಳಿದರೆ ನಂಬೋದೇ ಇಲ್ಲ.

ಫೆರಿಯ ಗಾಡಿಯ ಗುಟ್ಟು ಸೂಪರ್‌ಚಾರ್ಜರ್. ಅಂದರೆ ಗಾಳಿಯನ್ನು ಪಂಪು ಮಾಡಿ ಎಂಜಿನ್ನಿಗೆ ಬಲವಂತವಾಗಿ ತುರುಕೋದು. ಇದು ಯಾಕೆ ಬೇಕಾಯಿತು ಅಂತ ತಿಳಿಯಬೇಕಾದರೆ ಟೂ ಸ್ಟ್ರೋಕ್ ಎಂಜಿನ್ ಉಸಿರಾಡುವ ರೀತಿ ಸ್ವಲ್ಪ ಗೊತ್ತಿರಬೇಕು. ಅದಕ್ಕೆ ಕಾರಿನ ಎಂಜಿನ್ನಿನ ಹಾಗೆ ತೆರೆದು ಮುಚ್ಚುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಟಕಿಗಳಿವೆ. ಅವಕ್ಕೆ ಪೋರ್ಟ್ ಅಂತಾರೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ಅದೇ ಈ ಕಿಟಕಿಗಳನ್ನು ತೆಗೆಯುತ್ತೆ, ಮುಚ್ಚುತ್ತೆ. ಸುಟ್ಟ ಹೊಗೆ ಒಂದು ಕಿಟಕಿಯಿಂದ ಆಚೆ ಹೋಗುತ್ತಿರುವಾಗಲೇ ಹೊಸ ಪೆಟ್ರೋಲ್-ಗಾಳಿ ಇನ್ನೊಂದರಿಂದ ಒಳಗೆ ಬರುತ್ತೆ. ಮುಂಬಾಗಿಲು ಹಿಂಬಾಗಿಲು ಎರಡೂ ತೆರೆದಿಟ್ಟ ಮನೆ ಇದ್ದ ಹಾಗೆ. ಒಳಗೆ ಬಂದ ಹೊಸ ಮಾಲಿನಲ್ಲಿ ಒಂದಷ್ಟು ಕೆಲಸವನ್ನೇ ಮಾಡದೆ ನೇರ ಸೈಲೆನ್ಸರಿಗೆ ಹೋಗಿಬಿಡುತ್ತೆ. ಹಳೇ ಸ್ಕೂಟರ್ ಹಿಂದೆ ನಿಂತರೆ ಬರುತ್ತಿದ್ದ ಆ ವಾಸನೆ ಇದೆಯಲ್ಲ, ಅದರಲ್ಲಿ ಸುಡದೇ ಉಳಿದ ಪೆಟ್ರೋಲೂ ಇತ್ತು.

ರೇಸಿನ ನಿಯಮ ಬರೆಯುವವರು ಯುದ್ಧ ಮುಗಿದ ಮೇಲೆ ಸೂಪರ್‌ಚಾರ್ಜರನ್ನೇ ನಿಷೇಧಿಸಿದ್ದರು. ದಾಖಲೆ ಓಟಕ್ಕೆ ಮಾತ್ರ ಅಡ್ಡಿ ಇರಲಿಲ್ಲ. ಹಾಗಾಗಿ ರೇಸಿಗೆ ಹೋಗುವ ಟೂ ಸ್ಟ್ರೋಕಿನವರು ಬೇರೆ ದಾರಿ ಹುಡುಕಬೇಕಾಯಿತು. ಹುಡುಕಿದ್ದು ಪೂರ್ವ ಜರ್ಮನಿಯ ಚೋಪಾವ್ ಊರಿನ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. ದುಡ್ಡಿಲ್ಲ, ಒಳ್ಳೇ ಸಾಮಾನಿಲ್ಲ, ಇದ್ದದ್ದು ತಲೆ ಮತ್ತು ಒಂದು ಆಸಿಲೊಸ್ಕೋಪ್. ಸೈಲೆನ್ಸರಿನ ಕೊಳವೆಯಲ್ಲಿ ಒತ್ತಡದ ಅಲೆಗಳು ಹೇಗೆ ಹೋಗಿ ವಾಪಸ್ ಬರುತ್ತವೆ ಅಂತ ಅವನು ಕೂತು ನೋಡಿದ. ಕೊಳವೆಯನ್ನು ನಮ್ಮ ಮೃದಂಗದ ಆಕಾರಕ್ಕೆ ತಂದರೆ, ಅಂದರೆ ನಡುವೆ ದಪ್ಪ, ಎರಡು ತುದಿ ಸಣ್ಣ, ಅಲೆ ಎರಡು ಕೆಲಸ ಮಾಡುತ್ತೆ. ಅಗಲವಾಗುತ್ತಾ ಹೋಗುವ ಭಾಗದಿಂದ ತಿರುಗಿ ಬಂದ ಅಲೆ ಸಿಲಿಂಡರಿನಿಂದ ಹೊಗೆಯನ್ನು ಎಳೆದುಕೊಳ್ಳುತ್ತೆ. ಕಿರಿದಾಗುವ ಭಾಗಕ್ಕೆ ಬಡಿದು ವಾಪಸ್ ಬಂದ ಅಲೆ, ಆಚೆ ಓಡಿಹೋಗುತ್ತಿದ್ದ ಹೊಸ ಪೆಟ್ರೋಲ್-ಗಾಳಿಯನ್ನು ಕಿಟಕಿ ಮುಚ್ಚುವ ಮೊದಲೇ ಒಳಕ್ಕೆ ದಬ್ಬುತ್ತೆ. ಪಂಪಿಲ್ಲ, ತಿರುಗುವ ಒಂದು ಭಾಗವೂ ಇಲ್ಲ, ಬರೀ ತಗಡು. 1961ಕ್ಕೆ ಕಾಡೆನ್ನನ 125 ಸಿಸಿ ಎಂಜಿನ್ ಸುಮಾರು 25 ಹಾರ್ಸ್‌ಪವರ್ ಕೊಡುತ್ತಿತ್ತು. ಅಷ್ಟೇ ಸಿಸಿಯ ಮೊದಲ ಲ್ಯಾಂಬ್ರೆಟ್ಟಾ ಕೊಟ್ಟಿದ್ದು ನಾಲ್ಕು ಚಿಲ್ಲರೆ.

ಈ ತಗಡಿನ ಲೆಕ್ಕ ಚೋಪಾವಿನ ಗೋಡೆ ದಾಟಿದ್ದು ಸಿನಿಮಾ ಥರ. ಕಾಡೆನ್ನನ ಮುಖ್ಯ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ವಿಶ್ವ ಚಾಂಪಿಯನ್ ಆಗುವುದಕ್ಕೆ ಹತ್ತಿರ ಇದ್ದ. ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ರೇಸು. ಅವನ ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಪಶ್ಚಿಮಕ್ಕೆ ದಾಟಿಸಲಾಯಿತು. ರೇಸಿನಲ್ಲಿ ಅವನ ಎಂಜಿನ್ ಕೈಕೊಟ್ಟಿತು. ಅಲ್ಲಿಂದ ಡೆಗ್ನರ್ ಊರಿಗೆ ವಾಪಸ್ ಹೋಗಲೇ ಇಲ್ಲ. ಹೋಗಿ ಸೇರಿದ್ದು ಜಪಾನಿನ ಸುಜುಕಿಯನ್ನ, ತಲೆಯಲ್ಲಿ ಎಂಜೆಡ್ ಎಂಜಿನ್ನಿನ ಅಳತೆಗಳನ್ನೆಲ್ಲ ಇಟ್ಟುಕೊಂಡು. 1962ರಲ್ಲಿ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದ. ಅದು ಸುಜುಕಿಗೂ ಮೊದಲನೆಯದು. ನಾವು ಕಂಪನಿ ಬದಲಿಸುವಾಗ ಕೋಡ್ ಒಯ್ಯಲ್ಲ ಅಂತ ಸಹಿ ಹಾಕುತ್ತೀವಲ್ಲ, ಅದನ್ನ ಓದುವಾಗಲೆಲ್ಲ ನನಗೆ ಈ ಪುಣ್ಯಾತ್ಮ ನೆನಪಾಗುತ್ತಾನೆ. ಆದರೆ ಅವನನ್ನ ಬರೀ ಕಳ್ಳ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ಗೋಡೆ ಕಟ್ಟಿ ಕೂಡಿಹಾಕಿದ ದೇಶದಿಂದ ಹೆಂಡತಿ ಮಕ್ಕಳನ್ನು ಆಚೆ ತರಬೇಕಿತ್ತು, ಅವನ ಕೈಯಲ್ಲಿ ಬೆಲೆ ಬಾಳುವ ವಸ್ತು ಅಂತ ಇದ್ದದ್ದು ಅದೊಂದೇ. ಅನ್ಯಾಯ ಆಗಿದ್ದು ಕಾಡೆನ್ನನಿಗೆ. ಟೂ ಸ್ಟ್ರೋಕಿನಲ್ಲಿ ಜಪಾನಿನವರು ಆಳಿದರು, ಅವನು ಚೋಪಾವಿನಲ್ಲೇ ಉಳಿದ.

ಇತ್ತ ಸ್ಕೂಟರಿಗೆ ಬರೋಣ. ಇಂಗ್ಲೆಂಡಿನಲ್ಲಿ ಅರವತ್ತರ ದಶಕದ ಮಾಡ್ ಹುಡುಗರು ಲ್ಯಾಂಬ್ರೆಟ್ಟಾಕ್ಕೆ ಹತ್ತಾರು ಕನ್ನಡಿ, ಲೈಟು ಕಟ್ಟಿ ಮೆರೆದರು. 1964ರಲ್ಲಿ ಬ್ರೈಟನ್ ಸಮುದ್ರ ತೀರದಲ್ಲಿ ಬೈಕಿನವರ ಜೊತೆ ಹೊಡೆದಾಡಿ ಪೇಪರಿಗೆ ಬಂದರು. ಅದು ಶೋಕಿ, ಟ್ಯೂನಿಂಗ್ ಅಲ್ಲ. ಅಷ್ಟು ಕನ್ನಡಿ ಹೊತ್ತರೆ ಸ್ಪೀಡು ಇನ್ನೂ ಕಮ್ಮಿ ಆಗುತ್ತೆ.

ಅಷ್ಟರಲ್ಲಿ ಇಟಲಿಯವರ ಕೈಗೆ ಸಣ್ಣ ಕಾರು ಬಂದಿತ್ತು. 1971ರ ಹೊತ್ತಿಗೆ ಮಿಲಾನಿನಲ್ಲಿ ಲ್ಯಾಂಬ್ರೆಟ್ಟಾ ನಿಂತೇಹೋಯಿತು. ಯಂತ್ರ, ಅಚ್ಚುಗಳನ್ನೆಲ್ಲ ಭಾರತ ಸರ್ಕಾರ ಕೊಂಡುಕೊಂಡಿತು. ಅದಕ್ಕೇ ಅಂತ 1972ರಲ್ಲಿ ಲಖ್ನೋದಲ್ಲಿ ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ ಹುಟ್ಟಿತು. ಇಲ್ಲಿ ಮಾರಿದ ಸ್ಕೂಟರಿನ ಹೆಸರು ವಿಜಯ್ ಸೂಪರ್. ನಮ್ಮ ದೊಡ್ಡವರಿಗೆ ನೆನಪಿರಬೇಕು. ಹೊರದೇಶಕ್ಕೆ ಹೋಗಿದ್ದು ಲ್ಯಾಂಬ್ರೆಟ್ಟಾ ಜಿಪಿ ಅನ್ನುವ ಹೆಸರಿನಲ್ಲಿ.

ಇಟಲಿ ಮಾಲಿನ ಅಭಿಮಾನಿಗಳು ಲಖ್ನೋದ ಗಾಡಿಯನ್ನು ಮೂಗು ಮುರಿದು ನೋಡುತ್ತಿದ್ದರು. ಟ್ಯೂನ್ ಮಾಡೋರಿಗೆ ಆ ಮಡಿ ಇರಲಿಲ್ಲ. ಮುಖ್ಯ ಕೆಲಸ ಪೋರ್ಟಿನದು. ಕಿಟಕಿಯನ್ನು ಅರದಿಂದ ಉಜ್ಜಿ ಎತ್ತರ ಮಾಡಿದರೆ ಅದು ಹೆಚ್ಚು ಹೊತ್ತು ತೆರೆದಿರುತ್ತೆ, ಎಂಜಿನ್ ಹೆಚ್ಚು ವೇಗದಲ್ಲಿ ಉಸಿರಾಡುತ್ತೆ. ಆದರೆ ನಿಧಾನಕ್ಕೆ ಓಡುವಾಗಿನ ಎಳೆತ ಸತ್ತುಹೋಗುತ್ತೆ. ಒಂದು ಮಿಲಿಮೀಟರ್ ಜಾಸ್ತಿ ಉಜ್ಜಿದರೆ ಮುಗೀತು, ಇಲ್ಲಿ ಅನ್‌ಡೂ ಬಟನ್ ಇಲ್ಲ. ಆಮೇಲೆ ಮೃದಂಗದ ಪೈಪು. ಆ ಅಲೆ ಸರಿಯಾದ ಹೊತ್ತಿಗೆ ಬರೋದು ಒಂದು ನಿರ್ದಿಷ್ಟ ವೇಗದ ಆಸುಪಾಸಿನಲ್ಲಿ ಮಾತ್ರ. ಅಲ್ಲಿಯವರೆಗೆ ಮಂಕಾಗಿದ್ದ ಸ್ಕೂಟರ್ ಅಲ್ಲಿಗೆ ಮುಟ್ಟಿದ್ದೇ ಯಾರೋ ಹಿಂದಿನಿಂದ ಒದ್ದ ಹಾಗೆ ನುಗ್ಗುತ್ತೆ. ಬೆಂಗಳೂರಿನಲ್ಲಿ ಆರ್‌ಎಕ್ಸ್ 100 ಓಡಿಸಿದವರಿಗೆ ಇದರ ರುಚಿ ಗೊತ್ತು.

1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಟಿಎಸ್1 ಅನ್ನುವ ಸಿಲಿಂಡರ್ ಬಂತು. ಟೆರ್ರಿ ಶೆಪರ್ಡ್ ಅನ್ನುವ ಟ್ಯೂನರಿನ ಹೆಸರಿನ ಮೊದಲ ಅಕ್ಷರಗಳು ಅವು. 200 ಸಿಸಿ ಎಂಜಿನ್ನಿಗೆ ಹಾಕಿದರೆ 225 ಆಗುತ್ತಿತ್ತು. ಜಪಾನಿ ಬೈಕುಗಳಲ್ಲಿದ್ದ ರೀಡ್ ವಾಲ್ವ್ ಇದರಲ್ಲೂ ಇತ್ತು. ಹಾರ್ಮೋನಿಯಂ ರೀಡಿನಂಥ ತೆಳು ಎಲೆಗಳು, ಗಾಳಿಯನ್ನು ಒಳಗೆ ಬಿಡುತ್ತವೆ, ವಾಪಸ್ ಬರೋಕೆ ಬಿಡಲ್ಲ. ಸರಿಯಾದ ಪೈಪು, ಕಾರ್ಬೊರೇಟರ್ ಜೊತೆ ಹಾಕಿದರೆ ಕಂಪನಿ ಎಂಜಿನ್ನಿನ ದುಪ್ಪಟ್ಟು ಶಕ್ತಿ. ಚೋಪಾವಿನ ಲೆಕ್ಕ ಜಪಾನ್ ಸುತ್ತಿ ಬಂದು ಲಖ್ನೋದ ಎಂಜಿನ್ನಿಗೆ ಸೇರಿದ್ದು ಹೀಗೆ.

ಶಕ್ತಿ ಬಂದ ಮೇಲೆ ಉಳಿದದ್ದೆಲ್ಲ ಮುರಿಯೋಕೆ ಶುರು. ನಾವು ಸಾಫ್ಟ್‌ವೇರಿನವರು ಒಂದು ಕಡೆ ಬಾಟಲ್‌ನೆಕ್ ತೆಗೆದರೆ ಅದು ಇನ್ನೊಂದು ಕಡೆ ಹೋಗಿ ಕೂರುತ್ತಲ್ಲ, ಹಾಗೇ. ಕ್ಲಚ್ ಜಾರುತ್ತೆ, ಇನ್ನೂ ಬಲವಾದದ್ದು ಹಾಕು. ಕ್ರ್ಯಾಂಕ್ ತಿರುಚುತ್ತೆ, ಅದನ್ನೂ ಬದಲಿಸು. ಎಲ್ಲಕ್ಕಿಂತ ದೊಡ್ಡ ಭಯ ಶಾಖ. ಶೀಟಿನ ಕೆಳಗೆ, ಡಬ್ಬಿಯೊಳಗೆ ಮುಚ್ಚಿಟ್ಟ ಎಂಜಿನ್ನಿಗೆ ಒಂದು ಫ್ಯಾನಿನ ಗಾಳಿ ಮಾತ್ರ. ಪೆಟ್ರೋಲ್ ಸ್ವಲ್ಪ ಕಮ್ಮಿ ಬಿದ್ದರೂ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ, ಹಿಂದಿನ ಚಕ್ರ ಓಡುತ್ತಿದ್ದ ಹಾಗೇ ಲಾಕ್. ನೂರರ ವೇಗದಲ್ಲಿ, ಹತ್ತಿಂಚಿನ ಚಕ್ರದ ಮೇಲೆ! ಹಾಗಾಗಿ ಎರಡು ಬೆರಳು ಯಾವಾಗಲೂ ಕ್ಲಚ್ ಲಿವರ್ ಮೇಲೆ ಇಟ್ಟುಕೊಂಡೇ ಓಡಿಸೋದು ಅವರ ರೂಢಿ.

ನಮ್ಮ ಹೋಬಳಿ ಮೆಕ್ಯಾನಿಕ್ ಸ್ಕ್ರೂ ತಿರುಗಿಸುತ್ತಿದ್ದದ್ದೂ ಇದೇ ಗೆರೆಯ ಮೇಲೆ, ಆದರೆ ಇನ್ನೊಂದು ತುದಿಯಿಂದ. ಅವನು ಪೆಟ್ರೋಲ್ ಕಮ್ಮಿ ಮಾಡುತ್ತಾ ಮಾಡುತ್ತಾ ಪಿಸ್ಟನ್ ಕಚ್ಚುವ ಮೊದಲೇ ನಿಲ್ಲಿಸಬೇಕಿತ್ತು. ಒಂದು ಬಜಾಜ್ ಸ್ಕೂಟರಿಗೆ ಹತ್ತು ವರ್ಷದವರೆಗೂ ಕಾಯುತ್ತಿದ್ದ ದೇಶ ಇದು. ಎಂಜಿನ್ ಸುಟ್ಟರೆ ಇನ್ನೊಂದು ಎಲ್ಲಿಂದ ತರೋದು? ಆಸಿಲೊಸ್ಕೋಪ್ ಇಲ್ಲದೆ, ಪ್ಲಗ್ಗಿನ ಕಾಫಿ ಬಣ್ಣ ನೋಡಿ ಅವನು ಇದನ್ನ ಸಾಧಿಸುತ್ತಿದ್ದ. ಟಿಎಸ್1 ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ, ನಮ್ಮ ಕಡೆಯ ಈ ಕಸುಬಿನ ಬಗ್ಗೆ ಒಂದು ಸಾಲು ಬರೆದದ್ದು ನಾನು ನೋಡಿಲ್ಲ.

ಲಖ್ನೋದಲ್ಲಿ ಸ್ಕೂಟರ್ ತಯಾರಿಕೆ ತೊಂಬತ್ತರ ದಶಕದಲ್ಲೇ ನಿಂತಿತು, ವಿಕ್ರಮ್ ಆಟೊ ಮಾತ್ರ ಮುಂದುವರೀತು. 2021ರಲ್ಲಿ ಕಂಪನಿಯನ್ನೇ ಮುಚ್ಚುವ ತೀರ್ಮಾನ ಆಯಿತು. ಇಲ್ಲಿ ಗುಜರಿಗೆ ಹೋಗಬೇಕಿದ್ದ ಎಷ್ಟೋ ಹಳೇ ಲ್ಯಾಂಬ್ರೆಟ್ಟಾಗಳು ಬಣ್ಣ ಬಳಿಸಿಕೊಂಡು ಕಂಟೇನರಿನಲ್ಲಿ ಯುರೋಪಿಗೆ ಹೋದವು. ಟ್ಯೂನರ್ ಕೈಗೆ ಸಿಕ್ಕ ಗಾಡಿಯಾದರೆ ಹೊಸ ಸಿಲಿಂಡರಿಗೆ ಹಳೇ ಕಾರ್ಬೊರೇಟರ್ ಸಾಲೋದಿಲ್ಲ. ಯಾವುದೋ ಊರಿನ ಮೆಕ್ಯಾನಿಕ್ ಕಾಲು ಸುತ್ತು ಲೆಕ್ಕ ಹಾಕಿ ಕೂರಿಸಿದ್ದ ಸ್ಕ್ರೂ ಸಮೇತ ಅದನ್ನ ಬಿಚ್ಚಿ ಪಕ್ಕಕ್ಕೆ ಇಡುತ್ತಾರೆ.