ವಿಲ್ಸನ್ ಕಾಯಿಲೆಯ ಪತ್ತೆಯಲ್ಲಿ ಮಿದುಳಿನ ಚಿತ್ರ

ವಂಶಪಾರಂಪರ್ಯವಾಗಿ ಬರುವ ಚಲನದೋಷಗಳಲ್ಲಿ ಔಷಧಕ್ಕೆ ಬಗ್ಗುವವು ಕಡಿಮೆ. ವಿಲ್ಸನ್ ಕಾಯಿಲೆ ಅಂಥದ್ದೊಂದು. ಎಟಿಪಿ7ಬಿ ಎಂಬ ಜೀನ್ ಕೆಟ್ಟರೆ ಯಕೃತ್ತು ಹೆಚ್ಚಿನ ತಾಮ್ರವನ್ನು ಪಿತ್ತರಸದೊಡನೆ ಹೊರಹಾಕಲಾರದು. ತಾಮ್ರ ಮೊದಲು ಅಲ್ಲಿ, ಆಮೇಲೆ ಮಿದುಳಿನಲ್ಲಿ ಕೂಡುತ್ತದೆ. ಓದುವ ಹುಡುಗನ ಅಕ್ಷರ ಕೆಡುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ. ತಂದೆ ತಾಯಿ ಇಬ್ಬರೂ ಈ ದೋಷದ ವಾಹಕರಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ರೂಢಿ ಉತ್ತರ ಕರ್ನಾಟಕದಲ್ಲಿ ಇನ್ನೂ ಇದೆ. ಹತ್ತಿರದ ನೆಂಟರು ಮದುವೆಯಾದರೆ ಇಬ್ಬರೂ ವಾಹಕರಾಗಿರುವ ಸಂಭವ ಹೆಚ್ಚು. ಹಾಗಾಗಿ ಶಹಾಪುರ ತಾಲ್ಲೂಕಿನ ವನದುರ್ಗದಂಥ ಊರಿನಲ್ಲಿ ಎಳೆಯರ ನಡುಕವನ್ನು ಭಯ, ಹಟ, ಗಾಳಿ ಎಂದು ತಳ್ಳಿಹಾಕುವಂತಿಲ್ಲ.

ಇಲ್ಲಿ ಎಂಆರ್‌ಐ ಚಿತ್ರ ದಾರಿ ತೋರಿಸುತ್ತದೆ. ನಡುಮಿದುಳಿನ ಅಡ್ಡಸೀಳಿನಲ್ಲಿ ಸುತ್ತಲಿನ ಭಾಗ ಬೆಳ್ಳಗಾಗಿ, ನಡುವೆ ಎರಡು ಕಪ್ಪು ಕಣ್ಣು, ಪಕ್ಕದಲ್ಲಿ ಕಪ್ಪು ಕಿವಿ ಉಳಿದು ಪಾಂಡಾ ಮುಖದಂತೆ ಕಾಣುವುದು ಇದರ ಹೆಸರಾಂತ ಗುರುತು. ಆದರೆ ಅದೊಂದನ್ನೇ ಹುಡುಕಿದರೆ ಮೋಸಹೋಗುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 100 ರೋಗಿಗಳ ಚಿತ್ರಗಳನ್ನು ಹೋಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಲ್ಸನ್ ಕಾಯಿಲೆಯ 56 ಮಂದಿಯ ಪೈಕಿ ಶೇ. 14ರಷ್ಟು ಜನರಲ್ಲಿ ಮಾತ್ರ ಪಾಂಡಾ ಮುಖವಿತ್ತು. ತಳ ಗ್ಯಾಂಗ್ಲಿಯಾ, ಥಲಾಮಸ್, ಮಿದುಳುಕಾಂಡ ಮೂರರಲ್ಲೂ ಒಟ್ಟಿಗೆ ಬದಲಾವಣೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕಂಡಿತು. ಬೇರೆ ಚಲನದೋಷಗಳಿದ್ದ 44 ಮಂದಿಯಲ್ಲಿ ಅದು ಕಾಣಲಿಲ್ಲ. ಒಂದು ಚೆಂದದ ಚಿಹ್ನೆಗಿಂತ ಹಲವು ಜಾಗದ ಗುರುತುಗಳ ಜೋಡಣೆ ಹೆಚ್ಚು ನಂಬಿಕೆಗೆ ಅರ್ಹ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಜೀನ್ ಪರೀಕ್ಷೆ ಇರುವಾಗ ಚಿತ್ರವೇಕೆ ಎಂದು ಕೇಳಬಹುದು. ಈ ಜೀನಿನಲ್ಲಿ ನೂರಾರು ಬಗೆಯ ದೋಷಗಳಿವೆ. ಕೆಲವು ವರದಿಗಳು ಬದಲಾವಣೆಯನ್ನು ತೋರಿಸಿದರೂ ಅದು ಕಾಯಿಲೆಯದ್ದೇ ಎಂದು ಹೇಳಲಾರವು. ಅಲ್ಲಿ ಚಿತ್ರ ತೂಕ ತುಂಬುತ್ತದೆ. ಚಿತ್ರ ಸರಿಯಿದ್ದೂ ಕಾಯಿಲೆ ಇರಬಹುದಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ, ನಿಜವೂ ಹೌದು. ಅದಕ್ಕೇ ರಕ್ತದ ಸೆರುಲೋಪ್ಲಾಸ್ಮಿನ್, 24 ಗಂಟೆಯ ಮೂತ್ರದ ತಾಮ್ರ, ಕಣ್ಣಿನ ಕರಿಗುಡ್ಡೆಯ ಅಂಚಿನ ಕಂದು ಉಂಗುರ ಇವನ್ನು ಬಿಡಬಾರದು. ಪೆನಿಸಿಲಮೈನ್, ಸತುವಿನ ಔಷಧಗಳು ಬೇಗ ಶುರುವಾದಷ್ಟೂ ಮಿದುಳು ಉಳಿಯುತ್ತದೆ. ಮನೆಯಲ್ಲಿ ಒಂದು ಮಗುವಿಗೆ ಕಾಯಿಲೆ ಖಚಿತವಾದರೆ, ಎಂಆರ್‌ಐ ಸರಿಯಿದೆ ಎಂದು ಸಮಾಧಾನಪಡದೆ ಉಳಿದ ಅಣ್ಣ ತಮ್ಮ, ಅಕ್ಕ ತಂಗಿಯರೆಲ್ಲರನ್ನೂ ಪರೀಕ್ಷೆಗೆ ಕರೆತನ್ನಿ.