‘ಲೂಟ್’, ‘ನಾಕ್’, ‘ಬಾಟ್’: ಮೊಬೈಲ್ ಕದನದ ಮಾತುಗಳು ಬಂದದ್ದೆಲ್ಲಿಂದ?

ಬಸವಕಲ್ಯಾಣ: ‘ಒಬ್ಬಾವ ನಾಕ್ ಆಗ್ಯಾನ, ರಶ್ ಮಾಡ್ರೋ’, ‘ಮೊದಲ ಲೂಟ್ ಮಾಡು’, ‘ಆಗೆ ನಕ್ಕೋ ಜಾ’. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಪಟ್ಟಣಗಳಲ್ಲಿ ಮೊಬೈಲ್ ಹಿಡಿದು ಕುಳಿತ ಹುಡುಗರ ಗುಂಪಿನಿಂದ ಇಂತಹ ಮಾತು ಕೇಳಿದರೆ ಹಿರಿಯರು ಗಾಬರಿಯಾಗುವುದು ಸಹಜ. ಹೊಡೆದಾಟವೆಲ್ಲ ಪರದೆಯ ಮೇಲಿನದು. ಆದರೆ ಈ ಪದಗಳಲ್ಲಿ ಹಲವು ನಿಜವಾದ ರಣರಂಗಗಳಿಂದಲೇ ಬಂದಿವೆ.

‘ಪಬ್‌ಜಿ ಮೊಬೈಲ್’ ಆಟ 2018ರಲ್ಲಿ ಬಿಡುಗಡೆಯಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈನಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಮರಳಿದ ಆಟ 2022ರಲ್ಲಿ ಮತ್ತೆ ಮರೆಯಾಗಿ 2023ರಲ್ಲಿ ಪುನಃ ಕಾಣಿಸಿಕೊಂಡಿತು. ಆಟ ಬಂದು ಹೋಗುತ್ತಿದ್ದರೂ ಅದರ ಮಾತುಗಳು ಮಾತ್ರ ಬಾಯಿಯಲ್ಲಿ ಉಳಿದುಕೊಂಡವು.

ಇವುಗಳಲ್ಲಿ ಹೆಚ್ಚು ಕುತೂಹಲಕರವಾದುದು ‘ಲೂಟ್’. ಆಟದಲ್ಲಿ ಇದರರ್ಥ, ಬಿದ್ದ ಎದುರಾಳಿಯ ಅಥವಾ ಖಾಲಿ ಮನೆಗಳ ಬಂದೂಕು, ಗುಂಡು, ಔಷಧಗಳನ್ನು ಬಾಚಿಕೊಳ್ಳುವುದು. ಇಂಗ್ಲಿಷಿನವೆಂದು ಹುಡುಗರು ಭಾವಿಸುವ ಈ ಪದ ಮೂಲತಃ ಭಾರತದ್ದೇ. 18ನೇ ಶತಮಾನದ ಕೊನೆಯ ಹೊತ್ತಿಗೆ ಕಂಪನಿ ಸರ್ಕಾರದವರ ಮೂಲಕ ಅದು ಹಿಂದಿಯಿಂದ ಇಂಗ್ಲಿಷಿಗೆ ಹೋಯಿತು. ಸಂಬಳವಿಲ್ಲದೆ ಕೊಳ್ಳೆಯನ್ನೇ ನಂಬಿ ದಂಡಿನ ಹಿಂದೆ ಸಾಗುತ್ತಿದ್ದ ಪಿಂಡಾರಿಗಳ ಕಾಲವದು. ಕನ್ನಡದ ‘ಲೂಟಿ’ಯೂ ಇದೇ ಕುಲದ ಪದ. ಹೀಗೆ ಹೊರಟ ಮಾತು ಆಟದ ನೆಪದಲ್ಲಿ ಊರಿಗೆ ಹಿಂದಿರುಗಿದೆ.

ಆದರೆ ಈ ಭಾಗದಲ್ಲಿ ‘ಲೂಟಿ’ ಹಗುರವಾದ ಮಾತಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸಮೀಪದ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಅದೇ ವರ್ಷ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ಬಳಿಕ ಮುಸ್ಲಿಮರ ಮೇಲೆ ನಡೆದ ಹಿಂಸೆ ಹಾಗೂ ಲೂಟಿಯಲ್ಲಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದೆಂದು ಸುಂದರಲಾಲ್ ಸಮಿತಿ ದಾಖಲಿಸಿತು. ಆ ದಿನಗಳನ್ನು ಕಂಡವರು ಈಗ ವಿರಳ. ಅವರ ಮೊಮ್ಮಕ್ಕಳು ಅದೇ ಪದವನ್ನು ನಗುತ್ತಾ ಕೂಗುತ್ತಾರೆ. ಅಜ್ಜನ ಮುಖ ಏಕೆ ಗಂಭೀರವಾಯಿತೆಂದು ಮಗುವಿಗೆ ತಿಳಿಯದಿದ್ದರೆ ಅದು ಮಗುವಿನ ತಪ್ಪಲ್ಲ.

ಕಂಪ್ಯೂಟರ್ ಆಟಗಳ ಕಾಲದ ‘ಫ್ರ್ಯಾಗ್’ ಎಂಬ ಪದದ ಹಿನ್ನೆಲೆಯೂ ಕರಾಳವೇ. ಈಗ ಅದರರ್ಥ ಎದುರಾಳಿಯನ್ನು ಕೊಂದು ಗಳಿಸಿದ ಅಂಕ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ತಮ್ಮದೇ ಅಧಿಕಾರಿಗಳನ್ನು, ಹೆಚ್ಚಾಗಿ ಕೈಬಾಂಬ್ ಎಸೆದು, ಕೊಲ್ಲುತ್ತಿದ್ದುದಕ್ಕೆ ಈ ಹೆಸರಿತ್ತು. 1993ರ ‘ಡೂಮ್’ ಆಟದ ಮೂಲಕ ಪದ ಪರದೆಗೇರಿತು. ಹೊಸಬನನ್ನು ಹೀಯಾಳಿಸುವ ‘ನೂಬ್’ ಎಂಬುದು ‘ನ್ಯೂಬಿ’ಯ ವಿಕಾರ ರೂಪ, ಅದನ್ನೂ ಅದೇ ಯುದ್ಧದ ಸೈನಿಕರು ಬಳಸುತ್ತಿದ್ದರು. ಬಾಕ್ಸಿಂಗ್ ಕಣದ ‘ನಾಕ್’ ಮಾತ್ರ ಕೊಂಚ ದಯೆಯುಳ್ಳದ್ದು. ‘ನಾಕ್ ಆದವನು’ ಸತ್ತಿಲ್ಲ, ಬಿದ್ದಿದ್ದಾನೆ. ಜೊತೆಗಾರ ಸಕಾಲಕ್ಕೆ ಬಂದು ‘ರಿವೈವ್’ ಮಾಡಿದರೆ ಎದ್ದು ನಿಲ್ಲುತ್ತಾನೆ.

ಸರಿಯಾಗಿ ಆಡಲು ಬಾರದವನಿಗೆ ‘ಬಾಟ್’ ಎನ್ನುವುದುಂಟು. ಯಂತ್ರವೇ ಆಡಿಸುವ ಗೊಂಬೆ ಎಂಬುದು ಇದರ ಇಂಗಿತ. ಇದು ‘ರೋಬಾಟ್’ ಪದದ ತುಂಡು. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರ ನಾಟಕವೊಂದರಲ್ಲಿ ಬಳಸಿದ ಆ ಪದದ ಬೇರು, ಒತ್ತಾಯದ ದುಡಿಮೆ ಎಂಬರ್ಥದ ಚೆಕ್ ಮಾತು. ಶಾಸನಗಳಲ್ಲಿ ಕಾಣುವ ‘ಬಿಟ್ಟಿ’, ನಿಜಾಮರ ಕಾಲದ ‘ಬೇಗಾರ್’ ಎರಡೂ ಅದನ್ನೇ ಹೇಳುತ್ತವೆ. ಗೆದ್ದಾಗ ತೆರೆಯ ಮೇಲೆ ಮೂಡುವ ‘ಚಿಕನ್ ಡಿನ್ನರ್’ ಘೋಷಣೆ ಅಮೆರಿಕದ ಜೂಜುಕಟ್ಟೆಗಳದ್ದು.

ಪದಗಳು ಹೊರಗಿನವಾದರೂ ಅವುಗಳನ್ನು ಹೊಸೆಯುವ ವ್ಯಾಕರಣ ಸ್ಥಳೀಯ. ‘ಮಾಡು’, ‘ಆಗು’ ಸೇರಿದೊಡನೆ ‘ರಶ್’, ‘ನಾಕ್’ಗಳು ಕನ್ನಡದ ಕ್ರಿಯಾಪದಗಳಂತೆ ನಡೆಯುತ್ತವೆ. ಬೇಡವೆನ್ನಲು ದಖನಿಯ ‘ನಕ್ಕೋ’ ಇದ್ದೇ ಇದೆ. ಅದೂ ಮರಾಠಿಯ ‘ನಕೋ’ದಿಂದ ಬಂದದ್ದು. ಮಹಾರಾಷ್ಟ್ರ, ತೆಲಂಗಾಣಗಳಿಗೆ ತಾಗಿಕೊಂಡ ಈ ಸೀಮೆಗೆ ಇಂತಹ ಬೆರಕೆ ಹೊಸತಲ್ಲ. ಹುಮನಾಬಾದ್ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು 19ನೇ ಶತಮಾನದಲ್ಲಿ ಮರಾಠಿ, ಕನ್ನಡ, ಹಿಂದಿ ಮುಂತಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದ್ದರು.

ಯುದ್ಧದ ಮಾತು ಮನೆಮಾತಾಗುವುದೂ ಇಲ್ಲಿ ಹಳೆಯ ಸಂಗತಿ. ‘ಉರ್ದು’ ಎಂಬ ಹೆಸರೇ ದಂಡಿನ ಪಾಳೆಯ ಎಂಬರ್ಥದ ತುರ್ಕಿ ಪದದಿಂದ ಬಂದಿದೆ. ಕಲ್ಯಾಣ ಚಾಲುಕ್ಯರ ‘ದಂಡನಾಯಕ’ರು ಶಾಸನಗಳಲ್ಲಿದ್ದಾರೆ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ದನ ಕದ್ದೊಯ್ಯುವ ಕಾಳಗಕ್ಕೆ ‘ತುರುಗೋಳ್’, ಊರು ನಾಶಕ್ಕೆ ‘ಊರಳಿವು’ ಎಂಬ ಹೆಸರುಗಳಿವೆ. ಅಂದಿನ ಹೋರಾಟಗಾರರಿಗೂ ತಮ್ಮದೇ ಚುಟುಕು ಪರಿಭಾಷೆಯಿತ್ತು. ಆದರೆ ಆ ಕಲ್ಲುಗಳಲ್ಲಿ ಬಿದ್ದವನನ್ನು ಅಪ್ಸರೆಯರು ಸ್ವರ್ಗಕ್ಕೊಯ್ಯುತ್ತಾರೆ. ಮೊಬೈಲಿನಲ್ಲಿ ಬಿದ್ದವನು ಮುಂದಿನ ಪಂದ್ಯಕ್ಕೆ ಕಾಯುತ್ತಾನೆ.