ಒಂದೇ ಪುಸ್ತಕದ ಕೊನೆಯ ಸಾಲು

1908ರ ನೋಂದಣಿ ಕಾಯ್ದೆಯ 53ನೇ ಕಲಮು ತೀರ ಚಿಕ್ಕದು. ಪ್ರತಿ ಪುಸ್ತಕದ ನಮೂದುಗಳಿಗೂ ಒಂದರ ಹಿಂದೊಂದು ಕ್ರಮಸಂಖ್ಯೆ ಬೀಳಬೇಕು, ಆ ಸರಣಿ ವರ್ಷದ ಜೊತೆ ಮುಗಿಯಬೇಕು, ಹೊಸ ವರ್ಷಕ್ಕೆ ಹೊಸ ಸರಣಿ ಶುರುವಾಗಬೇಕು. ಇಷ್ಟೇ. ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲೇ ಅರ್ಧ ಆಯುಷ್ಯ ಕಳೆದ ನನಗೆ, ನಮ್ಮ ಕಸುಬಿನವರು ಮೊದಲು ಓದಬೇಕಾದದ್ದು ಇದನ್ನೇ ಅನ್ನಿಸುತ್ತದೆ.

ನಮ್ಮಪ್ಪ ರಾಜಾಜಿನಗರದಲ್ಲಿ ಪತ್ರ ಬರಹಗಾರರಾಗಿದ್ದರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಅಂತ ದಿನವಿಡೀ ಬರವಣಿಗೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಅಪ್ಪ ಹೊರಬಂದ ಕೂಡಲೇ ಪಾರ್ಟಿಗಳು ಕೇಳುತ್ತಿದ್ದದ್ದು ಒಂದೇ ಮಾತು: "ನಂಬರು ಬಿತ್ತಾ ಸ್ವಾಮಿ?" ಸ್ಥಿರಾಸ್ತಿಯ ಪತ್ರಗಳಿಗೆ 1ನೇ ಪುಸ್ತಕ, ಉಯಿಲಿಗೆ 3ನೆಯದು. ಪತ್ರವನ್ನು ಅಕ್ಷರ ಬಿಡದಂತೆ ದಪ್ಪ ಸಂಪುಟಕ್ಕೆ ನಕಲು ಮಾಡಿ, ಮೂಲದ ಹಿಂಬದಿಯಲ್ಲಿ ಪುಸ್ತಕ, ಸಂಪುಟ, ಪುಟ ಕಾಣಿಸುತ್ತಿದ್ದರು. ರಾಜಾಜಿನಗರದ ಪುಸ್ತಕ ರಾಜಾಜಿನಗರದ್ದು, ಕೆಂಗೇರಿಯದು ಕೆಂಗೇರಿಯದು. ಅಲ್ಲಿ ಜನಜಂಗುಳಿಯಾದರೆ ಇಲ್ಲಿ ಯಾರ ಕೈಯೂ ನಿಲ್ಲುತ್ತಿರಲಿಲ್ಲ.

2003ರಲ್ಲಿ ಕಾವೇರಿ ತಂತ್ರಾಂಶ ಬಂತು, ಕೈನಕಲು ಹೋಗಿ ಸ್ಕ್ಯಾನ್ ಬಂತು. ಆಮೇಲಿನ ಪತ್ರಗಳ ಹಿಂಬರಹದಲ್ಲಿ ಸಂಪುಟದ ಬದಲು ಸಿ.ಡಿ. ನಂಬರು ಬರತೊಡಗಿತು. ದಸ್ತಾವೇಜು ನಂಬರು ಮಾತ್ರ ಹಳೆಯ ಹದವನ್ನೇ ಉಳಿಸಿಕೊಂಡಿತು: ಆರ್‌ಜೆಎನ್ ಎಂಬ ಕಚೇರಿ ಗುರುತು, ಆಮೇಲೆ 1 ಎಂಬ ಪುಸ್ತಕ, ಆಮೇಲೆ ಕ್ರಮಸಂಖ್ಯೆ, ಕೊನೆಗೆ ವರ್ಷ. ಕೆಂಗೇರಿಯದು ಕೆಇಎನ್ ಎಂದು ಶುರುವಾಗುತ್ತದೆ. ಈ ಜೋಡಣೆಯ ಬೆಲೆ ನನಗೆ ತಿಳಿದದ್ದು ಬೇರೆಡೆ.

ನಾನು ಕೆಲಸಕ್ಕಿದ್ದ ಒಂದು ಕಂಪನಿಗೆ ಊರೂರಿನ ಕೌಂಟರುಗಳಿಂದ ಹಣದ ರಸೀದಿ ಬಂದು ಬೀಳುತ್ತಿತ್ತು. ಎಲ್ಲ ಊರಿಗೂ ಸೇರಿ ರಸೀದಿ ಸಂಖ್ಯೆಯ ಸರಣಿ ಒಂದೇ. 4 ಪ್ರೊಸೆಸರಿನ ಸರ್ವರ್ ಸಾಲದೆಂದು 16ರದ್ದು ತಂದರು. ವೇಗ ಏರಲಿಲ್ಲ. ಪ್ರೊಸೆಸರುಗಳು ಮುಕ್ಕಾಲು ಪಾಲು ಖಾಲಿ, ಆದರೂ ಇನ್ಸರ್ಟ್ ತೆವಳುತ್ತಿತ್ತು. ಇಂಥ ಹೊತ್ತಿನಲ್ಲಿ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಅಂತ ನೋಡಿ ಪ್ರಯೋಜನವಿಲ್ಲ. ಯಾವ ಸೆಷನ್ ಯಾವುದಕ್ಕಾಗಿ ಕಾದು ಕೂತಿದೆ ಅಂತ ನೋಡಬೇಕು. ನಮ್ಮಲ್ಲಿದ್ದ ಒರಾಕಲ್ ಡೇಟಾಬೇಸ್ ಆ ಲೆಕ್ಕ ಇಟ್ಟಿರುತ್ತದೆ. ತೆಗೆದು ನೋಡಿದರೆ ಎಲ್ಲರೂ ಕಾಯುತ್ತಿದ್ದದ್ದು ಒಂದೇ ಟೇಬಲ್ಲಿನ ಒಂದೇ ಸಾಲಿಗೆ. ಮುಂದಿನ ರಸೀದಿ ಸಂಖ್ಯೆ ಇದ್ದದ್ದು ಅಲ್ಲಿ.

ಸಂಖ್ಯೆ ನಡುವೆ ತಪ್ಪಕೂಡದು ಅಂತ ಆ ಸಾಲಿಗೆ ಬೀಗ ಹಾಕಿ, ಗಿರಾಕಿಯ ವಿವರ, ಖಾತೆಯ ಬಾಕಿ ಎಲ್ಲ ಬರೆದು, ಕಮಿಟ್ ಆದಮೇಲೆ ಬೀಗ ತೆಗೆಯುತ್ತಿದ್ದರು. ಕಮಿಟ್ ಎಂದರೆ ಲಾಗ್ ಡಿಸ್ಕಿಗೆ ಇಳಿಯಲೇಬೇಕು. ನಿಮಿಷಕ್ಕೆ 15,000 ಸುತ್ತು ತಿರುಗುವ ಡಿಸ್ಕಿನ ಒಂದು ಸುತ್ತಿಗೆ 4 ಮಿಲಿಸೆಕೆಂಡು. ಒಂದು ಬೀಗಕ್ಕೆ ಒಂದು ಸುತ್ತು ಹಿಡಿದರೂ ಸೆಕೆಂಡಿಗೆ 250 ರಸೀದಿ. ಪ್ರೊಸೆಸರ್ 16 ಇರಲಿ, 64 ಇರಲಿ, ಅದಕ್ಕಿಂತ ಮೇಲೆ ಏರದು.

ಆ ಬೀಗ ತೆಗೆದು, ಸಂಖ್ಯೆಯನ್ನು ಮುಂಗಡವಾಗಿ ಹಂಚುವ ಸೀಕ್ವೆನ್ಸ್ ಇಟ್ಟು ನೋಡಿದೆವು. ಅದರ ಹಿಂದೆ ಅಡಗಿದ್ದ ಇನ್ನೊಂದು ಸರತಿ ಆಗ ಹೊರಬಿತ್ತು. ಬೋಯಿಂಗ್ ಕಂಪನಿಯಲ್ಲಿದ್ದ ಬೇಯರ್ ಮತ್ತು ಮ್ಯಾಕ್‌ಕ್ರೈಟ್ 1972ರಲ್ಲಿ ಪ್ರಕಟಿಸಿದ ಬಿ-ಟ್ರೀ ಇವತ್ತಿಗೂ ಇಂಡೆಕ್ಸಿನ ಬುನಾದಿ. ಏರುತ್ತಲೇ ಹೋಗುವ ಸಂಖ್ಯೆ ಅದರಲ್ಲಿ ಸದಾ ಬಲತುದಿಯ ಕೊನೆಯ ಬ್ಲಾಕಿಗೇ ಬೀಳುತ್ತದೆ. ನಮ್ಮಲ್ಲಿ ಆ ಬ್ಲಾಕ್ 8 ಕಿಲೋಬೈಟ್. ಒಂದು ಪ್ರೊಸೆಸರ್ ಅದನ್ನು ತಿದ್ದುವಷ್ಟು ಹೊತ್ತು ಉಳಿದವು ಕಾಯಬೇಕು. ತಿದ್ದಿದ ಪ್ರತಿ ಒಂದರ ಕ್ಯಾಷ್‌ನಿಂದ ಇನ್ನೊಂದರ ಕ್ಯಾಷ್‌ಗೆ ಓಡಾಡಬೇಕು. ಪ್ರೊಸೆಸರ್ ಹೆಚ್ಚಿದಷ್ಟೂ ಈ ಓಡಾಟ ಹೆಚ್ಚು. ದೊಡ್ಡ ಯಂತ್ರದಲ್ಲಿ ಇನ್ಸರ್ಟ್ ಇನ್ನೂ ನಿಧಾನವಾಗುವುದು ಹೀಗೆ.

1997ರ ಒರಾಕಲ್ 8 ಇದಕ್ಕೆ ರಿವರ್ಸ್ ಕೀ ಇಂಡೆಕ್ಸ್ ಕೊಟ್ಟಿತ್ತು. ಸಂಖ್ಯೆಯ ಬೈಟುಗಳನ್ನು ತಿರುವುಮುರುವು ಮಾಡಿದರೆ ಅಕ್ಕಪಕ್ಕದ ಸಂಖ್ಯೆಗಳು ಬೇರೆ ಬೇರೆ ಬ್ಲಾಕಿಗೆ ಬೀಳುತ್ತವೆ. ಆದರೆ ಇಷ್ಟರಿಂದ ಇಷ್ಟರವರೆಗಿನ ರಸೀದಿ ಕೊಡಿ ಅಂತ ಆಡಿಟರ್ ಕೇಳಿದರೆ ಆ ಇಂಡೆಕ್ಸ್ ಕೈಕೊಡುತ್ತದೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿನಲ್ಲಿ ಕೊನೆಯ ಪುಟದ ಈ ನೂಕುನುಗ್ಗಲಿಗೆಂದೇ ಒಂದು ಸೌಲಭ್ಯ ಬಂದದ್ದು 2019ರ ಆವೃತ್ತಿಯಲ್ಲಿ.

ನಮ್ಮನ್ನು ಕಾಪಾಡಿದ್ದು ಅಪ್ಪನ ಕಾಲದ ಹದ. ಪ್ರತಿ ಕೌಂಟರಿಗೆ ಪ್ರತ್ಯೇಕ ಸರಣಿ. ಇಂಡೆಕ್ಸಿನಲ್ಲಿ ಮೊದಲು ಕೌಂಟರಿನ ಗುರುತು, ಆಮೇಲೆ ವರ್ಷ, ಆಮೇಲೆ ಸಂಖ್ಯೆ. ಸಂಖ್ಯೆ ಹಾಕುವುದು ಬೇರೆಲ್ಲ ಬರೆದು ಮುಗಿದ ಮೇಲೆ, ಕಮಿಟ್ಟಿಗೆ ತೀರ ಮುಂಚೆ. ಪ್ರತಿ ಸರಣಿಯೂ ಇಂಡೆಕ್ಸಿನ ತನ್ನದೇ ಜಾಗದಲ್ಲಿ ಬೆಳೆಯಿತು. ಸಂಖ್ಯೆಯೂ ತಪ್ಪಲಿಲ್ಲ, ಆಡಿಟರಿಗೂ ತೊಂದರೆಯಾಗಲಿಲ್ಲ, 16 ಪ್ರೊಸೆಸರಿಗೂ ಕೈತುಂಬ ಕೆಲಸ ಸಿಕ್ಕಿತು.

2023ರಲ್ಲಿ ಕಾವೇರಿ 2.0 ಬಂದಿದೆ. 2024ರ ಸೆಪ್ಟೆಂಬರಿನಿಂದ ರಾಜ್ಯದೆಲ್ಲೆಡೆ, ಆಯಾ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ಪತ್ರ ನೋಂದಾಯಿಸಬಹುದು. ಎಲ್ಲ ಒಂದೆಡೆ ಸೇರುವ ಈ ಕಾಲದಲ್ಲಿ ಸಂಖ್ಯೆಯೂ ಒಂದೇ ಸರಣಿಯಾಗಲಿ ಎಂಬ ಆಸೆ ಯಾವ ತಂತ್ರಾಂಶ ಬರೆಯುವವರಿಗೂ ಬಂದೀತು. ರಸೀದಿಯದಾಗಲಿ, ಬಿಲ್ಲಿನದಾಗಲಿ, ಪತ್ರದ್ದಾಗಲಿ, ಅವರಲ್ಲಿ ನನ್ನ ಕೋರಿಕೆ ಇಷ್ಟು: ಸಂಖ್ಯೆಯ ಮುಂದಿನ ಕಚೇರಿ ಗುರುತನ್ನು ಅಲಂಕಾರವೆಂದು ಕಿತ್ತುಹಾಕಬೇಡಿ, ಇಂಡೆಕ್ಸಿನಲ್ಲೂ ಅದಕ್ಕೇ ಮೊದಲ ಜಾಗ ಕೊಡಿ.